ವರ್ಣಮಾಲೆ ಪೂರ್ತಿ ಹೇಳ್ತಾನೆ, ಮಧ್ಯದಿಂದ ‘ಗ’ ತೋರಿಸಿದ್ರೆ ಗೊತ್ತಾಗಲ್ಲ, ಏನ್ ಮಾಡ್ಲಿ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಈಗ ನಾಲ್ಕೂವರೆ ವರ್ಷ. ‘ಅ’ದಿಂದ ‘ಳ’ ತನಕ ಒಂದೇ ಉಸಿರಲ್ಲಿ ಹೇಳ್ತಾನೆ, ಮನೆಗೆ ಬಂದವರೆಲ್ಲ ಹೊಗಳ್ತಾರೆ. ಆದ್ರೆ ಪುಸ್ತಕದಲ್ಲಿ ಮಧ್ಯದಿಂದ ‘ಗ’ ತೋರಿಸಿ ಇದೇನು ಅಂದ್ರೆ ಮೊದಲಿಂದ ಹೇಳ್ಕೊಂಡೇ ಬರ್ಬೇಕು, ಇಲ್ಲಾಂದ್ರೆ ಬಾಯಿಗೆ ಬಂದಿದ್ದು ಹೇಳ್ತಾನೆ. ನ ಮತ್ತು ಸ ಎರಡೂ ಅವನಿಗೆ ಒಂದೇ. ಇಂಗ್ಲಿಷಲ್ಲಿ ಎ ಬಿ ಸಿ ಡಿ ಹಾಡು ಬರುತ್ತೆ, ‘ಬಿ’ದು ಏನು ಸೌಂಡು ಅಂದ್ರೆ ‘ಬಿ’ ಅಂತಾನೆ. ನಮ್ಮತ್ತೆ ದಿನಾ ಒಂದಕ್ಷರ ಹತ್ತು ಸಲ ಬರೆಸು ಅಂತಾರೆ, ಬರೆಸೋಕೆ ಕೂತ್ರೆ ನೋಟ್‌ಬುಕ್ ನೋಡಿದ ಕೂಡ್ಲೇ ಅಳು. ಇವರು ಮೊಬೈಲಲ್ಲಿ ಒಂದು ಆ್ಯಪ್ ಹಾಕಿ ಕೊಟ್ಟಿದ್ದಾರೆ, ಅದರಲ್ಲಿ ಎಲ್ಲಾ ಸರಿ ಒತ್ತುತ್ತಾನೆ, ಪುಸ್ತಕಕ್ಕೆ ಬಂದ್ರೆ ಏನೂ ಇಲ್ಲ. ಇನ್ನೊಂದು, ‘ರೈಲು’ ಅನ್ನೋಕೆ ಇನ್ನೂ ‘ಲೈಲು’ ಅಂತಾನೆ. ಅವನ ವಯಸ್ಸಿನದೇ ಪಕ್ಕದ್ಮನೆ ಹುಡುಗಿ ಆಗ್ಲೇ ಪದ ಓದ್ತಾಳೆ. ನನ್ನ ಮಗನಿಗೆ ಏನಾದ್ರೂ ತೊಂದರೆ ಇದ್ಯಾ? ಆಟ ಆಡಿಸ್ತಾ ಕಲಿಸಿ ಅಂತ ಎಲ್ಲರೂ ಹೇಳ್ತಾರೆ, ಯಾವ ಆಟ, ಹೇಗೆ ಅಂತ ಯಾರೂ ಹೇಳಲ್ಲ.

ಉತ್ತರ: ನಿಮ್ಮ ಕೊನೇ ಸಾಲು ಓದಿದಾಗ ನಂಗೆ ನಿಜವಾಗ್ಲೂ ಬೇಜಾರಾಯ್ತು, ಯಾಕಂದ್ರೆ ‘ಆಟದ ಮೂಲಕ ಕಲಿಸಿ’ ಅಂತ ಹೇಳಿ ಕಳಿಸೋದು ನಮ್ಮ ಕಡೆಯವರದ್ದೇ ತಪ್ಪು. ನಾನು 20 ವರ್ಷದಿಂದ 3ರಿಂದ 8 ವರ್ಷದ ಮಕ್ಕಳಿಗೆ ಓದು ಕಲಿಸೋ ಕೆಲಸ ಮಾಡ್ತಿದ್ದೀನಿ, ಅದರಲ್ಲೂ ಓದೋಕೆ ಕಷ್ಟಪಡೋ ಮಕ್ಕಳೇ ನನ್ನ ಹತ್ರ ಜಾಸ್ತಿ ಬರೋದು. ಹಾಗಾಗಿ ಆಟಗಳನ್ನ ಸ್ವಲ್ಪ ಬಿಡಿಸಿಯೇ ಹೇಳ್ತೀನಿ, ಉತ್ತರ ಉದ್ದ ಆಗುತ್ತೆ, ನಿಧಾನಕ್ಕೆ ಓದ್ಕೊಳ್ಳಿ.

ನೀವು ಕೇಳಿರೋದ್ರಲ್ಲಿ ಎರಡು ಭಯ ಒಂದಕ್ಕೊಂದು ಸೇರ್ಕೊಂಡಿವೆ. ಮಗುಗೆ ಏನಾದ್ರೂ ತೊಂದರೆ ಇದ್ಯಾ ಅನ್ನೋದು ಒಂದು, ನಾನು ಕಲಿಸೋ ರೀತಿ ತಪ್ಪಾ ಅನ್ನೋದು ಇನ್ನೊಂದು. ನೀವು ಬರೆದಿರೋದ್ರಲ್ಲಿ ತೊಂದರೆ ಅಂತ ಕಾಣೋ ಅಂಥದ್ದು ನಂಗೆ ಏನೂ ಸಿಗ್ಲಿಲ್ಲ. ನಾಲ್ಕೂವರೆ ವರ್ಷಕ್ಕೆ ಅಕ್ಷರ ಗುರುತು ಹಿಡಿಯದೇ ಇರೋದು ತೀರಾ ಸಾಮಾನ್ಯ, ಫಿನ್‌ಲ್ಯಾಂಡಲ್ಲಿ ಮಕ್ಕಳು ಒಂದನೇ ಕ್ಲಾಸಿಗೆ ಸೇರೋದೇ 7 ತುಂಬೋ ವರ್ಷದಲ್ಲಿ. ಪಕ್ಕದ್ಮನೆ ಹುಡುಗಿ ಬೇಗ ಓದಿದ್ಲು ಅಂದ್ರೆ ಅವಳಿಗೆ ಬೇಗ ಬಂತು ಅಷ್ಟೇ, ಅದರಿಂದ ನಿಮ್ಮ ಮಗನ ಬಗ್ಗೆ ಏನೂ ಗೊತ್ತಾಗಲ್ಲ. ಯಾವಾಗ ನಿಜವಾಗಿ ತಜ್ಞರಿಗೆ ತೋರಿಸ್ಬೇಕು ಅನ್ನೋದನ್ನ ಆಮೇಲೆ ಹೇಳ್ತೀನಿ.

ಈಗ ಅವನಿಗೆ ಏನು ಬರುತ್ತೆ ನೋಡೋಣ. ಅವನಿಗೆ ಬರೋದು ಒಂದು ಹಾಡು. ನಮ್ಮ ಫೋನ್ ನಂಬರ್‌ನ ನಾವು ಗಡಗಡ ಹೇಳ್ತೀವಲ್ಲ, ಅದರಲ್ಲಿ ಏಳನೇ ಅಂಕಿ ಯಾವುದು ಅಂತ ಯಾರಾದ್ರೂ ಕೇಳಿದ್ರೆ ಮೊದಲಿಂದ ಹೇಳ್ಕೊಂಡು ಬಂದು ಅಲ್ಲಿ ನಿಲ್ಲಿಸ್ತೀವಿ, ಅವನು ಮಾಡ್ತಿರೋದೂ ಅದೇ. 49 ಅಕ್ಷರಗಳ ಒಂದು ರಾಗ ಅವನ ನಾಲಿಗೆ ಮೇಲೆ ಕೂತಿದೆ, ಅದು ಕೆಟ್ಟದ್ದೇನಲ್ಲ, ಮುಂದೆ ನಿಘಂಟು ನೋಡುವಾಗ ಉಪಯೋಗಕ್ಕೆ ಬರುತ್ತೆ, ಆದ್ರೆ ಅದು ಓದೋ ದಾರಿಯ ಮೊದಲನೇ ಮೆಟ್ಟಿಲು ಅಲ್ಲ. ಮೊದಲನೇ ಮೆಟ್ಟಿಲು ಕಿವಿ. ‘ಗಡಿಯಾರ’ ಅನ್ನೋ ಪದದ ಶುರುವಿನಲ್ಲಿ ಒಂದು ‘ಗ’ ಇದೆ, ಅದನ್ನ ಪದದಿಂದ ಕಿತ್ತು ಬೇರೆ ಇಡಬಹುದು ಅಂತ ಮಗುವಿನ ಕಿವಿಗೆ ಗೊತ್ತಾಗ್ಬೇಕು. ಆಮೇಲೆ ಆ ಶಬ್ದಕ್ಕೆ ಒಂದು ಆಕಾರ ಇದೆ ಅಂತ ಕಣ್ಣಿಗೆ ಗೊತ್ತಾಗ್ಬೇಕು. ಬರೆಯೋದು ಕೈಗೆ ಸೇರಿದ್ದು, ಅದು ಬರೋದು ಕೊನೆಗೆ. ನಾವು ಬಹಳಷ್ಟು ಮನೆಗಳಲ್ಲಿ ಕೈಯಿಂದ ಶುರು ಮಾಡಿ ಕಿವಿಯನ್ನ ಪೂರ್ತಿ ಮರೆತುಬಿಡ್ತೀವಿ. ಕಿವಿಗೆ ಕೇಳಿಸದ ಶಬ್ದಕ್ಕೆ ಬರೀ ಆಕಾರ ಕಲಿಸಿದ್ರೆ ಅದು ಅವನಿಗೆ ಒಂದು ಚಿತ್ರ ಅಷ್ಟೇ, ಇವತ್ತು ನೆನಪಿರುತ್ತೆ ನಾಳೆ ಹೋಗುತ್ತೆ.

ಅದಕ್ಕೇ ಆಟದ ಬಗ್ಗೆ ನಂದೊಂದು ಅಳತೆಗೋಲು ಇದೆ, ಯಾವ ಆಟ ನೋಡಿದ್ರೂ ನಾನು ಕೇಳ್ಕೊಳ್ಳೋದು ಇದನ್ನೇ: ಈ ಆಟದಲ್ಲಿ ಗೆಲ್ಬೇಕು ಅಂದ್ರೆ ಮಗು ಶಬ್ದವನ್ನ ಕೇಳಿಸ್ಕೊಳ್ಳಲೇಬೇಕಾ? ‘ಗ’ ಆಕಾರದ ಮೇಲೆ ಹತ್ತಿ ಅಂಟಿಸೋದು, ಬಣ್ಣ ತುಂಬೋದು, ಮಣಿ ಜೋಡಿಸೋದು, ಇವೆಲ್ಲ ಮಕ್ಕಳಿಗೆ ಖುಷಿ, ಬೆರಳಿಗೂ ಒಳ್ಳೇದು, ಆದ್ರೆ ಅರ್ಧ ಗಂಟೆ ಅಂಟಿಸಿದ ಮಗು ‘ಗ’ ಅನ್ನೋ ಶಬ್ದವನ್ನ ಒಂದು ಸಲಾನೂ ಹೇಳಿರಲ್ಲ, ಕೇಳಿರಲ್ಲ. ಅದು ಕ್ರಾಫ್ಟು. ಕ್ರಾಫ್ಟ್ ಮಾಡಿಸಿ ಖಂಡಿತ, ಅಕ್ಷರ ಕಲಿಸಿದೆ ಅಂತ ಮಾತ್ರ ಲೆಕ್ಕ ಹಿಡೀಬೇಡಿ.

ಆ್ಯಪ್‌ನದ್ದೂ ಇದೇ ಕಥೆ. ಅದು ನಿಮ್ಮ ಮಗ ಏನು ಹೇಳ್ದ ಅಂತ ಕೇಳಿಸ್ಕೊಳ್ಳಲ್ಲ, ಎಲ್ಲಿ ಬೆರಳಿಟ್ಟ ಅಂತ ಮಾತ್ರ ನೋಡುತ್ತೆ. ಮೂರು ಚಿತ್ರದಲ್ಲಿ ಒಂದು ಒತ್ತೋದಾದ್ರೆ ಸುಮ್ನೆ ಒತ್ತಿದ್ರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತೆ, ಎರಡು ದಿನದಲ್ಲಿ ಯಾವ ಚಿತ್ರ ಎಲ್ಲಿ ಬರುತ್ತೆ ಅಂತಾನೂ ಬಾಯಿಪಾಠ ಆಗಿರುತ್ತೆ. ಪುಸ್ತಕಕ್ಕೆ ಬಂದ್ರೆ ಏನೂ ಇಲ್ಲ ಅಂತ ನೀವೇ ಗಮನಿಸಿದ್ದೀರಲ್ಲ, ಅದಕ್ಕೆ ಕಾರಣ ಇದು. ಆ್ಯಪ್ ಪೂರ್ತಿ ತೆಗೆದುಬಿಡಿ ಅಂತ ನಾನು ಹೇಳಲ್ಲ, ಪಕ್ಕದಲ್ಲಿ ಕೂತು ‘ಇದೇನು ಶಬ್ದ, ನೀ ಹೇಳು, ಆಮೇಲೆ ಒತ್ತು’ ಅಂತ ಆಡಿಸಿದ್ರೆ ಪರವಾಗಿಲ್ಲ. ಆದ್ರೆ ಒಟ್ಟು ಸ್ಕ್ರೀನ್ ಹೊತ್ತು ಈ ವಯಸ್ಸಿಗೆ ದಿನಕ್ಕೆ 1 ಗಂಟೆ ದಾಟಬಾರದು, ಕಡಿಮೆ ಇದ್ದಷ್ಟೂ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಆ ಒಂದು ಗಂಟೆಯಲ್ಲಿ ಟಿವಿನೂ ಸೇರುತ್ತೆ.

ಹತ್ತು ಸಲ ಬರೆಸೋ ವಿಚಾರ. ನಿಮ್ಮ ಅತ್ತೆ ಹೇಳೋದ್ರಲ್ಲಿ ಒಂದು ಸತ್ಯ ಇದೆ, ಅದನ್ನ ತಳ್ಳಿಹಾಕ್ಬೇಡಿ. ಕೈಯಾರೆ ಅಕ್ಷರ ತಿದ್ದೋದ್ರಿಂದ ಆಕಾರ ಚೆನ್ನಾಗಿ ನೆನಪಿರುತ್ತೆ, ಬರೀ ನೋಡೋದಕ್ಕಿಂತ ಅದು ಒಳ್ಳೇದೇ. ಆದ್ರೆ ಎರಡು ಷರತ್ತು. ತಿದ್ದುವಾಗ ಬಾಯಲ್ಲಿ ಶಬ್ದ ಬರ್ತಿರ್ಬೇಕು, ಮತ್ತೆ ಬೆರಳಿಗೆ ಅಷ್ಟು ಶಕ್ತಿ ಬಂದಿರ್ಬೇಕು. ನಾಲ್ಕೂವರೆ ವರ್ಷದ ಕೈಗೆ ಎರಡು ಗೆರೆ ನಡುವೆ ಪೆನ್ಸಿಲ್ ಹಿಡಿದು ಕನ್ನಡದ ಗುಂಡಗಿನ ಅಕ್ಷರ ಕೂರಿಸೋದು ಬಹಳ ಕಷ್ಟದ ಕೆಲಸ, ಆ ಕಷ್ಟದಲ್ಲಿ ಶಬ್ದ ಎಲ್ಲೋ ಹಾರಿ ಹೋಗಿರುತ್ತೆ, ಮೂರನೇ ಸಲಕ್ಕೆ ಅವನು ಅಕ್ಷರ ಬರೀತಿಲ್ಲ, ಗೆರೆ ಕಾಪಿ ಮಾಡ್ತಿದ್ದಾನೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಮಕ್ಕಳ ಮನೆಯಿಂದ ಬಂದ ಒಂದು ಸರಳ ಉಪಾಯ ಇವತ್ತಿಗೂ ನನ್ನ ಟೇಬಲ್ ಮೇಲಿದೆ: ಉಪ್ಪು ಕಾಗದದಲ್ಲಿ ಕತ್ತರಿಸಿದ ಅಕ್ಷರ, ಅದರ ಮೇಲೆ ಮಗು ಬೆರಳಾಡಿಸ್ತಾ ಶಬ್ದ ಹೇಳೋದು. ಅದಿಲ್ಲದಿದ್ರೆ ತಟ್ಟೆಯಲ್ಲಿ ಮರಳು ಹರಡಿ ಸಾಕು. ಎರಡು ಸಲ ತಿದ್ದಿ, ಪ್ರತಿ ಸಲ ‘ಗ’ ಅಂತ ಜೋರಾಗಿ ಹೇಳಿದ್ರೆ ಅದು ನೋಟ್‌ಬುಕ್ಕಿನ ಹತ್ತು ಸಲಕ್ಕಿಂತ ಹೆಚ್ಚು. ಅತ್ತೆಯವರಿಗೆ ಈ ಮರಳಿನ ತಟ್ಟೆಯ ಜವಾಬ್ದಾರಿ ಕೊಡಿ ನೋಡಿ, ಎಷ್ಟೋ ಮನೆಯಲ್ಲಿ ನಾನು ಹೀಗೇ ಹೇಳಿದ್ದೀನಿ, ಅಜ್ಜಿ ಮೊಮ್ಮಗ ಇಬ್ಬರೂ ಸಮಾಧಾನವಾಗಿರ್ತಾರೆ. ನೋಟ್‌ಬುಕ್ ಮಾತ್ರ ಸದ್ಯಕ್ಕೆ ಎತ್ತಿಡಿ, ಅದನ್ನ ನೋಡಿ ಅಳು ಬರೋ ಹೊತ್ತಲ್ಲಿ ಯಾವ ಅಕ್ಷರವೂ ತಲೆಗೆ ಹೋಗಲ್ಲ. ಶಾಲೆಯಿಂದ ಬರೆಯೋ ಹೋಮ್‌ವರ್ಕ್ ಬರ್ತಿದ್ರೆ ಟೀಚರ್ ಹತ್ರ ನೇರವಾಗಿ ಮಾತಾಡಿ, ಅರ್ಧ ಪುಟ ಸಾಕಾ ಅಂತ ಕೇಳಿ. ಕೆಲವರು ಒಪ್ಪಲ್ಲ, ಆಗ ಮಗುವಿನ ಕೈ ಹಿಡಿದು ನೀವೇ ಬರೆಸಿ ಮುಗಿಸಿ, ಅದರ ಮೇಲೆ ಜಗಳ ಬೇಡ.

ಇನ್ನು ಆಟಕ್ಕೆ ಬರ್ತೀನಿ. ಇದರಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ. ಕನ್ನಡದಲ್ಲಿ ಒಂದು ಅಕ್ಷರ ಅಂದ್ರೆ ಬಾಯಿ ಒಂದು ಸಲ ತೆರೆದು ಹೇಳೋ ಒಂದು ತುಂಡು, ಬಾ-ಗಿ-ಲು ಅಂದ್ರೆ ಮೂರು ತುಂಡು, ಬರೆದ್ರೂ ಮೂರು ಅಕ್ಷರ. ಮೂರು ವರ್ಷದ ಮಗುಗೂ ಪದವನ್ನ ಹೀಗೆ ತುಂಡು ಮಾಡೋಕೆ ಕಲಿಸಬಹುದು. ಹಾಗಾಗಿ ಮೊದಲನೇ ಆಟ ಚಪ್ಪಾಳೆ. ಅವನ ಹೆಸರಿಗೆ ಎಷ್ಟು ಚಪ್ಪಾಳೆ, ನಿಮ್ಮ ಹೆಸರಿಗೆ ಎಷ್ಟು, ಕಿಟಕಿಗೆ ಎಷ್ಟು, ಆನೆಗೆ ಎಷ್ಟು. ಒಂದು ಎಚ್ಚರಿಕೆ ಇದೆ, ಶುರುವಿನಲ್ಲಿ ಒತ್ತಕ್ಷರ ಇರೋ ಪದ ತಗೋಬೇಡಿ. ಕಪ್ಪೆ ಅನ್ನೋದನ್ನ ಕಿವಿ ಒಡೆಯೋದು ‘ಕಪ್-ಪೆ’ ಅಂತ, ನಾವು ಬರೆಯೋದು ‘ಕ-ಪ್ಪೆ’ ಅಂತ, ಆ ಜಗಳ ಮಗುಗೆ ಈಗ ಬೇಡ. ಚಪ್ಪಾಳೆ ಸುಲಭ ಆದ್ಮೇಲೆ ಹಾಳೆ ಮೇಲೆ ಮೂರು ಚೌಕ ಬರೆದು ಒಂದೊಂದು ತುಂಡಿಗೆ ಒಂದೊಂದು ಬಟನ್ ತಳ್ಳೋಕೆ ಹೇಳಿ, ಬಾ ಒಂದು, ಗಿ ಒಂದು, ಲು ಒಂದು. ಇದು ರಷ್ಯಾದ ಮನಶ್ಶಾಸ್ತ್ರಜ್ಞ ಡಾನಿಯಿಲ್ ಎಲ್ಕೋನಿನ್ ತೋರಿಸಿಕೊಟ್ಟ ದಾರಿ, ಅವರು ಅದನ್ನ ಒಂದೊಂದು ಬಿಡಿ ಧ್ವನಿಗೆ ಮಾಡಿದ್ರು, ನಾನು ಕನ್ನಡಕ್ಕೆ ಅಕ್ಷರದ ಲೆಕ್ಕದಲ್ಲಿ ಶುರು ಮಾಡ್ತೀನಿ. ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದ್ರೆ ಬಟನ್ ಬದಲು ದೊಡ್ಡ ಮರದ ತುಂಡು ಬಳಸಿ, ಬಾಯಿಗೆ ಹಾಕ್ಕೊಂಡ್ರೆ ಅಪಾಯ.

ಇದನ್ನೇ ತಿರುಗಿಸಿದ್ರೆ ಆಮೆ ಮಾತು. ನೀವು ಆಮೆ ತರ ನಿಧಾನವಾಗಿ ‘ನಿನ್ನ... ಚೀ-ಲ... ತಗೊಂಡು ಬಾ’ ಅನ್ನೋದು, ಅವನು ತುಂಡು ಜೋಡಿಸಿ ಅರ್ಥ ಮಾಡ್ಕೊಳ್ಳೋದು. ಇದಕ್ಕೆ ಪ್ರತ್ಯೇಕ ಹೊತ್ತು ಬೇಡ, ಬಟ್ಟೆ ಹಾಕುವಾಗ, ಹೊರಗೆ ಹೊರಡುವಾಗ, ಸ್ನಾನಕ್ಕೆ ಕರೆಯುವಾಗ ಆಗುತ್ತೆ. ಮುಂದೆ ಪದ ಓದುವಾಗ ‘ಸ’ ಮತ್ತು ‘ರ’ ಬೇರೆ ಬೇರೆ ಹೇಳಿ ‘ಸರ’ ಅಂತ ಸೇರಿಸೋಕೆ ಬೇಕಾಗಿರೋದು ಇದೇ ಕೌಶಲ. ಎಲ್ಲಾ ಅಕ್ಷರ ಗೊತ್ತಿದ್ದೂ ಪದ ಓದೋಕೆ ಬರದ ಮಕ್ಕಳು ನನ್ನ ಹತ್ರ ತುಂಬಾ ಬರ್ತಾರೆ, ಅವರಲ್ಲಿ ಬಹಳ ಜನಕ್ಕೆ ಈ ಜೋಡಿಸೋದೇ ಆಗ್ತಿರಲ್ಲ.

ನಂಗೆ ತುಂಬಾ ಇಷ್ಟವಾದ ಆಟ ಇನ್ನೊಂದಿದೆ, ಅದಕ್ಕೆ ಸಾಮಾನೇ ಬೇಡ. ನಾವು ಮಾತಾಡುವಾಗ ಮನೆಗಿನೆ, ಪುಸ್ತಕ ಗಿಸ್ತಕ, ಬಾಗಿಲು ಗೀಗಿಲು, ಕೆಲಸ ಗಿಲಸ, ಕಾರು ಗೀರು ಅಂತೀವಲ್ಲ. ಸ್ವಲ್ಪ ಗಮನಿಸಿ, ಮೊದಲ ಅಕ್ಷರ ಹ್ರಸ್ವ ಇದ್ರೆ ‘ಗಿ’ ಬರುತ್ತೆ, ದೀರ್ಘ ಇದ್ರೆ ‘ಗೀ’ ಬರುತ್ತೆ. ಮನೆಗೀನೆ ಅಂತ ಯಾರೂ ಅನ್ನಲ್ಲ, ಬಾಗಿಲು ಗಿಗಿಲು ಅಂತಾನೂ ಅನ್ನಲ್ಲ. ಇದನ್ನ ಯಾರೂ ಕಲಿಸಿರಲ್ಲ, ನಾಲ್ಕೈದು ವರ್ಷದ ಮಗು ತಾನಾಗೇ ಸರಿಯಾಗಿ ಹೇಳುತ್ತೆ! ಅಂದ್ರೆ ಪದದ ಮೊದಲ ತುಂಡನ್ನ ಕಿತ್ತು ಬೇರೆ ಹಾಕೋಕೆ, ಹ್ರಸ್ವ ದೀರ್ಘದ ವ್ಯತ್ಯಾಸ ಹಿಡಿಯೋಕೆ ಅವನ ಕಿವಿಗೆ ಆಗ್ಲೇ ಬರುತ್ತೆ, ಅದು ಅವನಿಗೆ ಗೊತ್ತಿಲ್ಲ ಅಷ್ಟೇ. ಮಲಗಿಸುವಾಗ ನೀವು ‘ಶಾಲೆ’ ಅನ್ನಿ, ಅವನು ‘ಗೀಲೆ’ ಅನ್ಲಿ. ಹತ್ತು ಪದ ಆದ್ಮೇಲೆ ಅವನು ಪದ ಕೊಡ್ಲಿ, ನೀವು ಉತ್ತರ ಹೇಳಿ, ಒಂದೆರಡು ಬೇಕಂತಲೇ ತಪ್ಪು ಹೇಳಿ, ಅವನು ಹಿಡಿತಾನಾ ನೋಡಿ. ಎರಡು ವಾರ ಬಿಟ್ಟು ಇದನ್ನೇ ಮುಂದುವರಿಸಬಹುದು, ‘ಇವತ್ತು ಎಲ್ಲಾ ಮಾತೂ ಮ ಇಂದಲೇ’ ಅಂತ. ಬಾಗಿಲು ಮಾಗಿಲು ಆಗುತ್ತೆ, ಪುಸ್ತಕ ಮುಸ್ತಕ ಆಗುತ್ತೆ, ಚಪ್ಪಲಿ ಮಪ್ಪಲಿ ಆಗುತ್ತೆ. ಇದು ಗಿ-ಗೀಗಿಂತ ಕಷ್ಟ, ಯಾಕಂದ್ರೆ ವ್ಯಂಜನ ಮಾತ್ರ ಬದಲಾಗಿ ಸ್ವರ ಹಾಗೇ ಉಳೀಬೇಕು, ಬರದಿದ್ರೆ ಬಲವಂತ ಮಾಡದೆ ಬಿಡಿ, ಐದು ವರ್ಷ ದಾಟಿದ ಮೇಲೆ ಮತ್ತೆ ನೋಡಿ. ಆದ್ರೆ ಇದು ಬಂದ ಮಗುಗೆ ಕಾಗುಣಿತ ಕಲಿಸೋದು ಎಷ್ಟು ಸಲೀಸು ಅಂತ ನಾನು ಬಾಯಲ್ಲಿ ಹೇಳೋಕಾಗಲ್ಲ. ದೀರ್ಘ ಬಂದ ಕಡೆ ರಬ್ಬರ್ ಬ್ಯಾಂಡ್ ಎಳೆದಂಗೆ ಎರಡೂ ಕೈ ಅಗಲಿಸೋದು ಸೇರಿಸ್ಕೊಳ್ಳಿ, ಕರು ಅಂದಾಗ ಕೈ ಹತ್ರ, ಕಾರು ಅಂದಾಗ ದೂರ, ಕೊಡು ಕೋಡು, ಹಳೆ ಹಾಳೆ ಹೀಗೆ.

ಇಷ್ಟೂ ಅಕ್ಷರದ ಆಕಾರ ಇಲ್ಲದ ಆಟಗಳು. ಹಾಗಂತ ತಿಂಗಳುಗಟ್ಟಲೆ ಬರೀ ಕಿವಿ ಆಟದಲ್ಲೇ ಇರ್ಬೇಡಿ. ಅಮೆರಿಕದ ನ್ಯಾಷನಲ್ ರೀಡಿಂಗ್ ಪ್ಯಾನೆಲ್ ಅನ್ನೋ ತಜ್ಞರ ಸಮಿತಿ 2000ರಲ್ಲಿ ಕೊಟ್ಟ ವರದಿಯಲ್ಲಿ ಎರಡು ಮಾತು ಸ್ಪಷ್ಟ ಇದೆ, ಧ್ವನಿಯ ಅಭ್ಯಾಸ ಅಕ್ಷರದ ಜೊತೆ ಸೇರಿದಾಗ ಹೆಚ್ಚು ಫಲ ಕೊಡುತ್ತೆ, ಮತ್ತೆ ಹತ್ತು ಬಗೆಯ ಅಭ್ಯಾಸ ಒಟ್ಟಿಗೆ ತುರುಕೋದಕ್ಕಿಂತ ಒಂದೆರಡಕ್ಕೇ ಗಮನ ಕೊಟ್ರೆ ಒಳ್ಳೇದು. ಅದಕ್ಕೇ ನಾನು ಹೇಳ್ತಿರೋ ಎಲ್ಲಾ ಆಟ ಈ ವಾರವೇ ಆಡಿಸ್ಬೇಡಿ, ಎರಡು ಆರಿಸ್ಕೊಳ್ಳಿ.

ಯಾವ ಅಕ್ಷರದಿಂದ ಶುರು ಮಾಡೋದು ಅನ್ನೋದು ಬಹಳ ಮುಖ್ಯ. ವರ್ಣಮಾಲೆಯ ಕ್ರಮ ತುಂಬಾ ವೈಜ್ಞಾನಿಕವಾದದ್ದು, ಕ ವರ್ಗ ಗಂಟಲ ಹತ್ರ, ಚ ವರ್ಗ ಅಂಗುಳಲ್ಲಿ, ಟ ವರ್ಗ ನಾಲಿಗೆ ಮೇಲಕ್ಕೆ ಮಡಚಿ, ತ ವರ್ಗ ಹಲ್ಲಿಗೆ, ಪ ವರ್ಗ ತುಟಿಗೆ, ಹಿಂದಿಂದ ಮುಂದಕ್ಕೆ ಬಾಯಿಯ ನಕ್ಷೆಯೇ ಅದು. ಆದ್ರೆ ಅದೇ ಕಾರಣಕ್ಕೆ ಮೊದಲ ಸಲ ಕಲಿಯೋ ಮಗುಗೆ ಅದು ಕಷ್ಟ, ಯಾಕಂದ್ರೆ ಒಂದೇ ತರ ಕೇಳಿಸೋ ಕ ಖ ಗ ಘ ಅಕ್ಕಪಕ್ಕ ಬರ್ತವೆ. ನಾವೇ ದಿನದ ಮಾತಲ್ಲಿ ಮಹಾಪ್ರಾಣ ಬಿಡಿಸಿ ಹೇಳೋದು ಅಪರೂಪ, ಶ ಷ ಎರಡನ್ನೂ ಒಂದೇ ತರ ಅಂತೀವಿ, ಇನ್ನು ಮಗುವಿನ ಕಿವಿ ಎಲ್ಲಿ ಹಿಡಿಯುತ್ತೆ. ‘ರ ಗ ಸ ದ ಅ’ ಅಂತ ಶುರುವಾಗೋ ಕ್ರಮ ನಿಮಗೂ ನೆನಪಿರಬಹುದು, ಅದು ಸುಮ್ನೆ ಮಾಡಿದ್ದಲ್ಲ. ಐದೂ ಬೇರೆ ಬೇರೆ ಶಬ್ದ, ಆಕಾರವೂ ಬೇರೆ, ಮತ್ತೆ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಅಂತ ಪದಾನೇ ಓದಬಹುದು. ಮಗುಗೆ ‘ನಾನು ಓದಿದೆ’ ಅನ್ನೋ ಖುಷಿ ಮೂರನೇ ವಾರಕ್ಕೇ ಸಿಕ್ರೆ ಉಳಿದಿದ್ದನ್ನ ಅವನೇ ಕೇಳ್ಕೊಂಡು ಬರ್ತಾನೆ. ಆ ಐದರ ಜೊತೆ ಅವನ ಹೆಸರಿನ ಮೊದಲ ಅಕ್ಷರ ಸೇರಿಸಿ, ಮಕ್ಕಳಿಗೆ ತಮ್ಮ ಹೆಸರಿನ ಅಕ್ಷರ ಬೇಗ ಅಂಟುತ್ತೆ.

ನ ಮತ್ತು ಸ ಗೊಂದಲಕ್ಕೂ ಪರಿಹಾರ ಇಲ್ಲೇ ಇದೆ. ಅವು ನೋಡೋಕೆ ಹತ್ತಿರ, ಕೇಳೋಕೆ ದೂರ, ಅಂದ್ರೆ ಅವನಿಗೆ ಗೊಂದಲ ಕಣ್ಣಿನದು. ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡು ವ್ಯತ್ಯಾಸ’ ಅಂತ ದಿನಾ ಕೇಳಿದ್ರೆ ಗೊಂದಲವೇ ಗಟ್ಟಿಯಾಗುತ್ತೆ. ಒಂದೂವರೆ ತಿಂಗಳು ‘ನ’ ತೆಗೆದಿಟ್ಟುಬಿಡಿ, ‘ಸ’ ಒಂದೇ ಆಡಿಸಿ, ಅದು ನಿದ್ದೆಯಲ್ಲಿ ಕೇಳಿದ್ರೂ ಹೇಳೋ ಹಾಗಾದ್ಮೇಲೆ ‘ನ’ ತನ್ನಿ. ಆಗ ಮೂಗು ಹಿಡಿಯೋ ಆಟ ಆಡಿ: ಮೂಗು ಮುಚ್ಚಿಕೊಂಡು ‘ಸ್ಸ್ಸ್’ ಅಂದ್ರೆ ಬರುತ್ತೆ, ‘ನ್ನ್ನ್’ ಅಂದ್ರೆ ನಿಂತುಹೋಗುತ್ತೆ. ಮಕ್ಕಳಿಗೆ ಇದು ಜಾದೂ ಇದ್ದಂಗೆ. ಇದೇ ತರ ಕನ್ನಡಿ ಮುಂದೆ ಪ ಬ ಮ ಹೇಳಿಸಿ, ತುಟಿ ಮುಚ್ಚೋದು ನೋಡ್ಲಿ. ಬ-ಭ, ದ-ಧ, ಅ-ಆ ಇವನ್ನೂ ದೂರ ದೂರ ಕಲಿಸಿ.

ಆಕಾರ ಸೇರಿಸಿ ಆಡೋಕೆ ನೆಗೆಯೋ ಆಟ ಒಳ್ಳೇದು. ನೆಲದ ಮೇಲೆ ಚಾಕ್‌ಪೀಸಲ್ಲಿ ಮೂರೇ ಅಕ್ಷರ ದೊಡ್ಡದಾಗಿ ಬರೀರಿ, ನೀವು ‘ಗಡಿಯಾರ’ ಅನ್ನಿ, ಅವನು ‘ಗ’ ಅಂತ ಕೂಗ್ತಾ ಅದರ ಮೇಲೆ ಹಾರ್ಬೇಕು. ಅಕ್ಷರ ಹೇಳ್ಬೇಡಿ, ಪದ ಹೇಳಿ, ಆಗಲೇ ಕಿವಿ ಕೆಲಸ ಮಾಡೋದು. ದನ, ರಸ್ತೆ, ಸರ, ಗರಗಸ ಹೀಗೆ ಮೊದಲಲ್ಲಿ ಬರೀ ‘ಅ’ಕಾರ ಇರೋ ಪದ ಆರಿಸ್ಕೊಳ್ಳಿ, ‘ಗಾಳಿ’ ಅಂದ್ರೆ ಅದು ‘ಗಾ’, ಮಗುವಿನ ಕಿವಿಗೆ ಅದು ಬೇರೆ ಅಕ್ಷರವೇ, ಅವನು ನಿಂತು ಯೋಚಿಸಿದ್ರೆ ಅದು ಅವನ ತಪ್ಪಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ, ಮಕ್ಕಳು ನಮ್ಮ ಕಣ್ಣು ನೋಡಿ ಉತ್ತರ ಹೇಳೋದ್ರಲ್ಲಿ ಬಲು ಚುರುಕು, ನಾವು ಗೊತ್ತಿಲ್ಲದೇ ಸರಿಯಾದ ಅಕ್ಷರದ ಕಡೆ ನೋಡಿರ್ತೀವಿ, ಹಾಗಾಗಿ ಪದ ಹೇಳುವಾಗ ಕಣ್ಣು ಮುಚ್ಚಿಕೊಳ್ಳಿ ಇಲ್ಲಾ ಬೆನ್ನು ತಿರುಗಿಸಿ. ಎರಡನೇ ಸುತ್ತಿಗೆ ಅವನು ಮೇಷ್ಟ್ರು, ನೀವು ಹಾರೋರು. ತಪ್ಪು ಅಕ್ಷರದ ಮೇಲೆ ಹಾರಿ. ‘ಅಯ್ಯೋ ಅಮ್ಮ ಅಲ್ಲ, ಅದು ದ!’ ಅಂತ ಅವನು ತಿದ್ದಿದ್ರೆ ಅವತ್ತಿಗೆ ಆ ಅಕ್ಷರ ಅವನದಾಯ್ತು, ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಹೊರಗೆ ಹೋಗುವಾಗ ‘ನನ್ನ ಕಣ್ಣಿಗೆ ಒಂದು ಕಾಣ್ತಿದೆ, ಅದು ಮ ಇಂದ ಶುರು’ ಅನ್ನೋ ಆಟನೂ ಸೇರಿಸಬಹುದು, ಮರ ಮನೆ ಎಲ್ಲಾ ಕಡೆ ಸಿಗುತ್ತೆ. ಕೊನೇ ಅಕ್ಷರದಿಂದ ಪದ ಕಟ್ಟೋ ಆಟ ಮಾತ್ರ ಈಗ ಬೇಡ, ಅದಕ್ಕೆ ಆರು ವರ್ಷ ಆಗ್ಲಿ.

ಹೊತ್ತು ಎಷ್ಟು ಅಂದ್ರೆ ಐದು ನಿಮಿಷ, ಬೇಕಿದ್ರೆ ದಿನಕ್ಕೆ ಎರಡು ಸಲ. ‘ಇನ್ನೊಂದ್ಸಲ’ ಅಂತ ಅವನು ಕೇಳ್ತಿರೋವಾಗಲೇ ನಿಲ್ಲಿಸಿ. ತಪ್ಪು ಹೇಳಿದ್ರೆ ‘ತಪ್ಪು’ ಅನ್ನದೇ ಸರಿಯಾದ ಶಬ್ದ ನೀವೊಂದು ಸಲ ಹೇಳಿ ಮುಂದೆ ಹೋಗಿ.

ಇಂಗ್ಲಿಷ್ ಬಗ್ಗೆ. ಎರಡು ಭಾಷೆ ಒಟ್ಟಿಗೆ ಕಲಿಸಿದ್ರೆ ಮಗು ತಲೆಕೆಡಿಸ್ಕೊಳ್ಳುತ್ತೆ, ಮಾತು ತಡ ಆಗುತ್ತೆ ಅನ್ನೋದು ಬರೀ ನಂಬಿಕೆ, ಎರಡು ಭಾಷೆಯಿಂದ ಭಾಷೆಯ ತೊಂದರೆ ಹುಟ್ಟಲ್ಲ, ಒಂದು ಭಾಷೆಯಲ್ಲಿ ಪಳಗಿದ ಕಿವಿ ಇನ್ನೊಂದಕ್ಕೂ ಸಹಾಯ ಮಾಡುತ್ತೆ. ಆದ್ರೆ ನಿಜವಾದ ಗೊಂದಲ ಬೇರೆ ಕಡೆ ಇದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಶಬ್ದ, ‘ಗ’ದ ಹೆಸರೂ ಗ, ಶಬ್ದವೂ ಗ. ಇಂಗ್ಲಿಷಲ್ಲಿ ಹೆಸರು ‘ಬಿ’, ಶಬ್ದ ‘ಬ್’. ‘ಡಬ್ಲ್ಯೂ’ ಅನ್ನೋ ಹೆಸರು ಶುರುವಾಗೋದೇ ‘ಡ’ದಿಂದ, ‘ವೈ’ ಅನ್ನೋ ಹೆಸರು ಕೇಳಿ ಮಕ್ಕಳು ಅದರ ಶಬ್ದ ‘ವ’ ಅಂದ್ಕೊಳ್ತಾರೆ. ಹಾಗಾಗಿ ಕನ್ನಡದ ರೂಢಿ ಇರೋ ಮಗು ‘ಬಿ’ದು ಶಬ್ದ ‘ಬಿ’ ಅಂದ್ರೆ ಅವನ ಲೆಕ್ಕದಲ್ಲಿ ಅದು ಸರಿಯಾದ ಉತ್ತರವೇ. ಇನ್ನೊಂದು ತೊಡಕು ನಮ್ಮದೇ ಬಾಯಿಂದ ಬರುತ್ತೆ, ಕನ್ನಡದ ವ್ಯಂಜನದಲ್ಲಿ ‘ಅ’ ಸೇರಿಕೊಂಡಿರೋದ್ರಿಂದ ನಾವು ಇಂಗ್ಲಿಷ್ ಶಬ್ದವನ್ನೂ ‘ಬ’, ‘ಟ’ ಅಂತ ಬಾಯಿ ತೆರೆದು ಹೇಳಿಕೊಡ್ತೀವಿ, ಆಗ ‘ಬ್ಯಾಟ್’ ಅನ್ನೋದನ್ನ ಮಗು ‘ಬ-ಆ್ಯ-ಟ’ ಅಂತ ಬಿಡಿಸಿ ‘ಬಆ್ಯಟ’ ಅಂತ ಎಲ್ಲೋ ತಲುಪುತ್ತೆ, ಬ್ಯಾಟ್‌ಗೆ ಬರೋದೇ ಇಲ್ಲ. ‘ಬ್’, ‘ಟ್’ ಅಂತ ಅಲ್ಲೇ ಕತ್ತರಿಸಿ ಹೇಳೋದನ್ನ ಮೊದಲು ನೀವು ಅಭ್ಯಾಸ ಮಾಡ್ಕೊಳ್ಳಿ. ಮ್, ಸ್, ನ್, ಲ್, ಫ್ ಇವನ್ನ ಎಳೆದು ಹೇಳಬಹುದು, ಅವು ಜೋಡಿಸೋಕೆ ಸುಲಭ. ಎಸ್, ಎ, ಟಿ, ಪಿ, ಐ, ಎನ್ ಅನ್ನೋ ಆರು ಅಕ್ಷರದಿಂದ ಬಹಳ ಕಡೆ ಶುರು ಮಾಡ್ತಾರೆ, ಪಿನ್, ಟಿನ್, ಟ್ಯಾಪ್, ನ್ಯಾಪ್ ಓದೋಕಾಗುತ್ತೆ, ನಮ್ಮ ರಗಸದಅ ಯೋಚನೆಯೇ ಇದು. ನನ್ನ ಸಲಹೆ, ಈಗ ಮೂರು ತಿಂಗಳು ಮನೆಯಲ್ಲಿ ಕನ್ನಡ ಮಾತ್ರ ಆಡಿಸಿ, ಇಂಗ್ಲಿಷ್ ಶಾಲೆಗೆ ಬಿಡಿ. ಶಾಲೆಯಲ್ಲಿ ಇಂಗ್ಲಿಷೇ ಜೋರಾಗಿದ್ದು ನೀವು ಕಾಯೋಕಾಗಲ್ಲ ಅಂದ್ರೆ ಎರಡನ್ನೂ ಆಡಿಸಿ, ಆದ್ರೆ ಬೆಳಗ್ಗೆ ಒಂದು ಸಂಜೆ ಒಂದು, ಒಂದೇ ಆಟದಲ್ಲಿ ಎರಡೂ ಲಿಪಿ ಬೆರೆಸ್ಬೇಡಿ. ಹೀಗೆ ಮಾಡಿದ್ರೆ ಎರಡೂ ಸ್ವಲ್ಪ ನಿಧಾನ ಆಗುತ್ತೆ, ಅದಕ್ಕೆ ತಯಾರಿರಿ.

ಇನ್ನು ‘ಲೈಲು’. ಈ ವಯಸ್ಸಿಗೆ ‘ರ’ ಬರದೇ ಇರೋದು ಸಾಮಾನ್ಯ, ರ, ಳ, ಶ ಇವೆಲ್ಲ ನಾಲಿಗೆಗೆ ತಡವಾಗಿ ಒಗ್ಗೋ ಶಬ್ದಗಳು. ನೀವು ನೋಡ್ಬೇಕಾಗಿರೋದು ಅವನಿಗೆ ವ್ಯತ್ಯಾಸ ಕೇಳಿಸ್ತಾ ಇದ್ಯಾ ಅಂತ. ನೀವೇ ಒಂದು ಸಲ ‘ನೋಡು ಲೈಲು ಬಂತು’ ಅನ್ನಿ. ‘ಲೈಲು ಅಲ್ಲಮ್ಮ, ಲೈಲು!’ ಅಂತ ಸಿಟ್ಟು ಮಾಡ್ಕೊಂಡ್ರೆ ಕಿವಿ ಸರಿಯಿದೆ, ನಾಲಿಗೆ ಇನ್ನೂ ಕಲೀತಿದೆ ಅಂತ ಅರ್ಥ. ಅಂಥ ಮಗುಗೆ ‘ರ’ ಅಕ್ಷರ ಕಲಿಸೋಕೆ ಯಾವ ಅಡ್ಡಿಯೂ ಇಲ್ಲ, ಅವನು ‘ಲಸ್ತೆ’ ಅಂದ್ರೂ ರ ಮೇಲೆ ಹಾರಿದ್ರೆ ಸರಿ ಅಂತ ತಗೊಳ್ಳಿ.

ಅಕ್ಷರ ಉಲ್ಟಾ ಬರೆದ ಕೂಡಲೇ ಡಿಸ್ಲೆಕ್ಸಿಯಾ, ಅಂದ್ರೆ ಓದು ಕಲಿಯೋದ್ರಲ್ಲಿ ಇರೋ ತೊಂದರೆ, ಅಂತ ಗಾಬರಿಯಾಗಿ ಬರೋ ಅಪ್ಪ ಅಮ್ಮಂದಿರು ತುಂಬಾ ಜನ. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯೋದು ಏಳು ವರ್ಷದ ಹತ್ತಿರದ ತನಕ ಮಾಮೂಲಿ, ಕುರ್ಚಿ ಯಾವ ಕಡೆ ತಿರುಗಿದ್ರೂ ಕುರ್ಚಿಯೇ ಅಂತ ಕಲಿತ ಮೆದುಳು ಅಕ್ಷರಕ್ಕೆ ಮಾತ್ರ ದಿಕ್ಕು ಮುಖ್ಯ ಅಂತ ಹೊಸದಾಗಿ ಕಲೀಬೇಕು. ಡಿಸ್ಲೆಕ್ಸಿಯಾದಲ್ಲಿ ಮುಖ್ಯ ಕಷ್ಟ ಸಾಮಾನ್ಯವಾಗಿ ಕಣ್ಣಿಂದಲ್ಲ, ಶಬ್ದ ಬಿಡಿಸೋದ್ರಲ್ಲೇ ಇರುತ್ತೆ. ಅದಕ್ಕೇ ಈ ಆಟಗಳು ಕಲಿಕೆಯ ಜೊತೆಗೆ ಒಂದು ತರ ಪರೀಕ್ಷೆಯೂ ಹೌದು. ನಾಲ್ಕೈದು ತಿಂಗಳು ನಿಯಮಿತವಾಗಿ ಆಡಿಸಿಯೂ ಐದೂವರೆ ದಾಟಿದ ಮಗುಗೆ ಚಪ್ಪಾಳೆಯಲ್ಲಿ ಪದ ಒಡೆಯೋಕೆ ಆಗ್ತಿಲ್ಲ, ಪ್ರಾಸ ಗೊತ್ತಾಗ್ತಿಲ್ಲ ಅಂದ್ರೆ, ಮನೆಯಲ್ಲಿ ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಓದೋಕೆ ತುಂಬಾ ಕಷ್ಟ ಇತ್ತು ಅಂದ್ರೆ, ‘ದೊಡ್ಡವನಾದ್ಮೇಲೆ ಸರಿಹೋಗುತ್ತೆ’ ಅಂತ ಎಂಟು ವರ್ಷದ ತನಕ ಕಾಯ್ಬೇಡಿ, ತಜ್ಞರಿಗೆ ತೋರಿಸಿ. ನಾಲ್ಕು ವರ್ಷ ಆದ್ಮೇಲೂ ಹೊರಗಿನವರಿಗೆ ಅವನ ಮಾತು ಬಹುಪಾಲು ಅರ್ಥ ಆಗದಿದ್ರೆ, ಬರ್ತಿದ್ದ ಮಾತು ಕಡಿಮೆಯಾಗ್ತಿದ್ರೆ ವಾಕ್ ತಜ್ಞರ ಹತ್ರ ಈಗಲೇ ಹೋಗಿ.

ಮತ್ತೆ ಯಾರೂ ನೆನಪಿಸ್ಕೊಳ್ಳದ ವಿಷಯ ಕಿವಿಯ ಪರೀಕ್ಷೆ. ಪದೇ ಪದೇ ನೆಗಡಿ, ಕಿವಿ ನೋವು ಬರೋ ಮಕ್ಕಳಿಗೆ ಕಿವಿ ತಮಟೆ ಹಿಂದೆ ನೀರು ತುಂಬಿಕೊಂಡು ಕೆಲವು ವಾರ ಶಬ್ದ ಮಂಕಾಗಿ ಕೇಳಿಸುತ್ತೆ, ನೋವೂ ಇರಲ್ಲ, ಮಗು ಹೇಳೋದೂ ಇಲ್ಲ. ಕರೆದ್ರೆ ತಿರುಗಲ್ಲ, ಟಿವಿ ಜೋರಾಗಿ ಇಡ್ತಾನೆ, ಮಾತಿಗೆ ಮುಂಚೆ ‘ಹಾಂ?’ ಅಂತಾನೆ ಅಂತ ಇದ್ರೆ ಅದನ್ನ ಹಠ ಅಂದ್ಕೊಳ್ಬೇಡಿ. ನನ್ನ ಹತ್ರ ಐದು ವರ್ಷದ ಒಬ್ಬ ಹುಡುಗನನ್ನ ‘ಗಮನ ಕೊಡಲ್ಲ’ ಅಂತ ಕರ್ಕೊಂಡು ಬಂದಿದ್ರು, ಪ ಮತ್ತು ತ ವ್ಯತ್ಯಾಸವೇ ಹೇಳ್ತಿರ್ಲಿಲ್ಲ, ಎರಡು ತಿಂಗಳು ನಾನೂ ಆಟ ಬದಲಾಯಿಸ್ತಾ ಕೂತೆ, ಆಮೇಲೆ ಕಿವಿ ಪರೀಕ್ಷೆ ಮಾಡಿಸಿದ್ರೆ ಎರಡೂ ಕಿವಿಯಲ್ಲಿ ನೀರಿತ್ತು. ಆ ಎರಡು ತಿಂಗಳು ಆ ಮಗುಗೆ ಸುಮ್ನೆ ಹೋಯ್ತಲ್ಲ ಅಂತ ನಂಗೆ ಇವತ್ತಿಗೂ ನೋವಿದೆ, ಅವತ್ತಿಂದ ಯಾರೇ ಬರ್ಲಿ ಮೊದಲ ಪ್ರಶ್ನೆ ಕಿವಿಯದ್ದೇ ಕೇಳ್ತೀನಿ. ನಿಮ್ಮ ಮಗನಿಗೆ ಆ ಲಕ್ಷಣ ಇದೆ ಅಂತ ನೀವು ಬರೆದಿಲ್ಲ, ಆದ್ರೂ ಒಂದು ಸಲ ಗಮನಿಸಿ.

ಈ ವಾರಕ್ಕೆ ಗಿ-ಗೀ ಆಟ ಮತ್ತು ಚಪ್ಪಾಳೆ ಸಾಕು, ಎರಡು ವಾರ ಆದ್ಮೇಲೆ ನೆಲದ ಮೇಲೆ ಗ, ಸ, ಅ ಮೂರು ಬರೀರಿ, ಅದು ಬಂದ ಮೇಲೆ ರ, ದ ಸೇರಿಸಿ. ಮೂರು ತಿಂಗಳು ಬಿಟ್ಟು ಮತ್ತೆ ನಂಗೆ ಬರೀರಿ. ಎಷ್ಟು ಅಕ್ಷರ ಬಂತು ಅನ್ನೋ ಲೆಕ್ಕಕ್ಕಿಂತ ಅವನು ಯಾವ ಪದವನ್ನ ಹೇಗೆ ಒಡೆದ, ನೀವು ತಪ್ಪು ಅಕ್ಷರದ ಮೇಲೆ ಹಾರಿದಾಗ ತಿದ್ದಿದನಾ, ಆಟ ನಿಲ್ಲಿಸಿದಾಗ ಇನ್ನೊಂದ್ಸಲ ಅಂದನಾ ಅನ್ನೋದನ್ನ ಬರೀರಿ, ಮುಂದಿನ ಹೆಜ್ಜೆ ಹೇಳೋಕೆ ನಂಗೆ ಬೇಕಾಗಿರೋದು ಅದು.